ಎರಡು ಊಟದ ನಡುವೆ

ಹಲ್ಲಿಗೆ ಕಟ್ಟಿದರೂ ಪಾಚಿ, ಬಾವಿಕಟ್ಟೆಗೆ ಕಟ್ಟಿದರೂ ಪಾಚಿ
ಎನ್ನುವ ಭಾಷೆ ನನ್ನದು.
ಪೆಂಡ್ಸೆ ಡಾಕ್ಟರಿಗೆ ಇದನ್ನು ಹೇಳಿದಾಗ
ಮಾಸ್ಕಿನೊಳಗೇ ನಕ್ಕರು:
"ಹಾಗಾದರೆ ಈ ಕೇಸೂ ನಮ್ಮದೇ."

ಮುಲುಂಡ್ ಪಶ್ಚಿಮ, ಮೊದಲ ಮಹಡಿ, ಕೆಳಗೆ ಫರಸಾಣ್ ಅಂಗಡಿ.
ಕಾಯುವ ಕೋಣೆಯಲ್ಲಿ ನಾಲ್ಕಡಿ ಸಮುದ್ರ.
ಅಸಲಿ ಸಮುದ್ರ ಲೋಕಲ್ಲಿಳಿದು ಬಸ್ಸು ಹತ್ತಿದರೆ ಸಿಗುತ್ತದೆ,
ಆದರೆ ಅದರ ನೀರು ಇದಕ್ಕೆ ಆಗದಂತೆ.
ಅದಕ್ಕೇ ಪ್ರತಿ ಶನಿವಾರ ನಾನು
ಸೋಸಿದ ನೀರಿಗೆ ಪೊಟ್ಟಣದ ಉಪ್ಪು ಸುರಿದು
ಬಕೆಟ್ಟಿನಲ್ಲಿ ಸಮುದ್ರ ಕಲಸುತ್ತೇನೆ.
ಲೀಟರಿಗೆ ಮೂವತ್ತೈದು ಗ್ರಾಂ. ಅಳೆಯಲು ಉಪಕರಣವಿದೆ.
ನಾಲಿಗೆಗೆ ಹಚ್ಚಿ ನೋಡುವ ಚಟ ಮಾತ್ರ ಬಿಟ್ಟಿಲ್ಲ.

ಆಷಾಢದಲ್ಲಿ ಹಸಿರು ಶುರುವಾಯಿತು.
ಮೊದಲು ಕಲ್ಲಿನ ಮೇಲೆ ಎಳೆಮಗುವಿನ ತಲೆಗೂದಲಿನಷ್ಟು.
ಆಮೇಲೆ ಗಡ್ಡ.
ಗುಂಡಿ ಹವಳಗಳು ಒಂದೊಂದಾಗಿ ಮುಚ್ಚಿಕೊಂಡವು,
ಗಲಾಟೆ ಎಂದೊಡನೆ ಷಟರ್ ಎಳೆವ ಅಂಗಡಿಗಳ ಹಾಗೆ.

ರಾತ್ರಿ ಎಂಟೂವರೆಗೆ, ಕೊನೆಯ ಪೇಷಂಟ್ ಹೋದ ಮೇಲೆ,
ಡಾಕ್ಟರು ತೋಳು ಮಡಚಿ
ಮೊಂಡಾದ ಸ್ಕೇಲರ್ ಹಿಡಿದು ಕೆರೆಯುತ್ತಿದ್ದರು,
ಬಾಯಿಗಿಡುವ ಪುಟ್ಟ ಕನ್ನಡಿಯಲ್ಲಿ
ಕಲ್ಲಿನ ಹಿಂಬದಿ ಹುಡುಕುತ್ತಿದ್ದರು.
"ದವಡೆ ಹಲ್ಲು," ಎನ್ನುತ್ತಿದ್ದರು.
ಕಿತ್ತದ್ದೆಲ್ಲ ತೇಲಿ ಹೋಗಿ
ಇನ್ನೊಂದು ಕಲ್ಲಿಗೆ ಅಂಟಿಕೊಳ್ಳುತ್ತಿತ್ತು.
ಸೋಮವಾರ ಕೆರೆದರೆ ಗುರುವಾರ ಹಾಜರು.

ಕುರ್ಲಾದಿಂದ ಮುಸ್ತಕೀಮ್ ಬಂದ,
ಹನ್ನೆರಡು ಬಸವನಹುಳು ತಂದ.
ಅವು ಮೇಯ್ದವು, ಅವುಗಳ ಪಾಡಿಗೆ.
ದಿನಕ್ಕೊಂದಾದರೂ ಅಂಗಾತ ಬೀಳುತ್ತಿತ್ತು,
ನಾನೇ ಎತ್ತಿ ನಿಲ್ಲಿಸಬೇಕು.
ಗಾಜಿನ ನಳಿಕೆಗೆ ತೊಟ್ಟಿಯ ನೀರು ತುಂಬಿ, ಹನಿ ಹಾಕಿ, ಕುಲುಕಿದ.
ನೀರು ನೀಲಿಯಾಯಿತು, ಬರೆಯಬಹುದಾದಷ್ಟು ನೀಲಿ.
"ಹಸಿರಿನದೇನೂ ತಪ್ಪಿಲ್ಲ, ಡಾಕ್ಟರ್ ಸಾಬ್.
ಯಾರೋ ಬಡಿಸುತ್ತಿದ್ದಾರೆ, ಅದು ಉಣ್ಣುತ್ತಿದೆ."

ಡಾಕ್ಟರು ನನ್ನ ಕಡೆ ನೋಡಲಿಲ್ಲ.
ನೋಡದೇ ಇದ್ದದ್ದು ನನಗೆ ಕಂಡಿತು.

ಒಂದೂವರೆಗೆ ಅವರು ಊಟಕ್ಕೆ ಮನೆಗೆ.
ಬಾಗಿಲು ಅರ್ಧ ಎಳೆದು ನಾನು ಡಬ್ಬಿ ಬಿಚ್ಚುತ್ತೇನೆ.
ಪಲ್ಯದ ವಾಸನೆ ಗಾಜು ದಾಟುವುದಿಲ್ಲ, ಗೊತ್ತು.
ಆದರೂ ಬರುತ್ತವೆ,
ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಗಂಡ ಹೆಂಡಿರು,
ಬಾಯಿ ತೆರೆದು, ಮುಚ್ಚಿ, ತೆರೆದು.
ಬೆಳಗಿನಿಂದ ತೆರೆದ ಬಾಯಿಗಳನ್ನೇ ನೋಡುವವಳು ನಾನು,
ಟ್ಯೂಬು ಹಿಡಿದು ಎಂಜಲು ಹೀರುವವಳು.
ನೋವಿಲ್ಲದೆ ನನ್ನೆದುರು ಬಾಯಿ ತೆರೆಯುವವು
ಇವೆರಡೇ.
ಒಂದು ಚಿಟಿಕೆ ಹಾಕಿದೆ.
ಮಾರನೆಯ ದಿನ ಒಂದು.
ಆಮೇಲೆ ಲೆಕ್ಕವಿಡಲಿಲ್ಲ.
ದೀಪಾವಳಿಯವರೆಗೆ ಬರಬೇಕಾದ ಮೀನಿನ ಡಬ್ಬಿ
ಗಣಪತಿ ಕೂರುವ ಮೊದಲೇ ತಳ ತೋರಿಸಿತು.

ಮೂರು ದಿನ ಕತ್ತಲು ಎಂದ ಮುಸ್ತಕೀಮ್.
ಎಕ್ಸ್‌ರೇ ಕೋಣೆಯ ಕರಿ ಪರದೆ ತಂದು ಹೊದಿಸಿದೆವು.
ಹಲ್ಲುಸೆಟ್ಟಿನ ಅಳತೆಗೆ ಬಂದ ಸಾವಂತ ಕಾಕಾ,
ಬೆಸ್ಟ್ ಬಸ್ಸಿನ ನಿವೃತ್ತ ಕಂಡಕ್ಟರು,
ಪರದೆಯೆದುರು ಅರ್ಧ ಗಂಟೆ ಕೂತು
"ಪಿಕ್ಚರ್ ಯಾವಾಗ ಶುರು?" ಎಂದರು.
ಇಂಟರ್‌ವಲ್ ಎಂದೆ.

ಆ ಮೂರು ಮಧ್ಯಾಹ್ನ ಗೋಡೆಗೆ ಮುಖ ಮಾಡಿ ಉಂಡೆ.
ಬೆನ್ನ ಹಿಂದೆ ಪಂಪಿನ ಗುಂಯ್ ಸದ್ದು.
ಪೇಷಂಟುಗಳಿಗೆ ದಿನಾ ಒಪ್ಪಿಸುವ ಪಾಠ,
"ಎರಡು ಊಟದ ನಡುವೆ ಏನೂ ಬಾಯಿಗೆ ಹಾಕಬೇಡಿ,"
ಆ ವಾರ ಗಂಟಲಲ್ಲಿ ತಡವರಿಸಿತು.

ನಾಲ್ಕನೆಯ ಬೆಳಿಗ್ಗೆ ಪರದೆ ಸರಿಸಿದರೆ
ಹಸಿರು ಬೂದಿಗೆ ಇಳಿದಿತ್ತು.
ಮೀನುಗಳ ಬಣ್ಣವೂ ಒಂದು ಒಗೆತ ಕಂಡಂತಿತ್ತು.
ಕಂಪನಿಯವರು ಕೊಟ್ಟ ಸ್ಯಾಂಪಲ್ ಬ್ರಷ್ಷಿನಿಂದ ಉಜ್ಜಿದೆ,
ಒತ್ತದೆ, ಸುತ್ತು ಸುತ್ತಾಗಿ,
ಪಕ್ಕದಲ್ಲೇ ಪೈಪು ಹಿಡಿದು ಎದ್ದದ್ದನ್ನೆಲ್ಲ ಹೀರುತ್ತ.
ಇದು ನನ್ನ ಕೆಲಸವೇ, ನೋಡಿ.

ಡಾಕ್ಟರು ಹೊಸ ಡಬ್ಬಿ ತಂದಿದ್ದರು.
ಬೀಗದೊಳಗೆ ಇಡುತ್ತಾರೆಂದುಕೊಂಡೆ.
ಪುಡಿ ಅಳೆಯುವ ಪುಟಾಣಿ ಚಮಚವೊಂದನ್ನು
ರಬ್ಬರ್ ಬ್ಯಾಂಡಿನಲ್ಲಿ ಅದಕ್ಕೆ ಕಟ್ಟಿ
ನನ್ನ ಮೇಜಿನ ಮೇಲಿಟ್ಟರು:
"ದಿನಕ್ಕೊಂದು. ಒಂದೂವರೆಗೆ.
ಬೆಳಗಿನದನ್ನು ನಾನು ಬಿಡುತ್ತೇನೆ."

ಹಿಂಬದಿಯ ಕಲ್ಲಿನಲ್ಲಿ ಹೆಬ್ಬೆರಳಷ್ಟು ಹಸಿರು ಉಳಿದಿದೆ.
ಕನ್ನಡಿ ಇಟ್ಟರೆ ಕಾಣುತ್ತದೆ.
ಅಲ್ಲೊಂದು ಬಸವನಹುಳು ಮೇಯುತ್ತಿದೆ,
ಅದರ ಪಾಲಿನದು ಅದು.
ಕನ್ನಡಿಯನ್ನು ಟ್ರೇಗೆ ಮರಳಿಸಿ
ಮುಂದಿನ ಹೆಸರು ಕೂಗುತ್ತೇನೆ.