ಕೊಂಡಿ

ಮೋಲ್ಡ್ ಹಾಕುವ ದಿನ ನಮ್ಮನ್ನು ಕೇಳದೆ
ನಡುಮನೆಯ ಸೂರಿಗೆ ಕಬ್ಬಿಣದ ಕೊಂಡಿ ಇಡಿಸಿದ್ದು ಅತ್ತೆ.
"ತೊಟ್ಲಿಗೆ," ಅಂದರು, ಅಷ್ಟೇ.
ಮೂರು ವರ್ಷದಿಂದ ಅದರಲ್ಲಿ ಈರುಳ್ಳಿ ಬುಟ್ಟಿ ತೂಗುತ್ತಿದೆ.

ಪಾಲೇಶ ಗಾಳಿಯಂತ್ರದ ರಿಪೇರಿಯವನು.
ಜೋಗಿಮಟ್ಟಿಯ ಆಚೆ ಎಂಬತ್ತು ಮೀಟರು ಹತ್ತಿ,
ಗ್ರೀಸು ಬಳಿದು ಇಳಿದು ಬಂದು ಹೇಳುತ್ತಾನೆ:
ಮೇಲಿಂದ ಕೆರೆಗಳೆಲ್ಲ ಒಣಹಾಕಿದ ಹಪ್ಪಳ.
ಆಮೇಲೆ, ಬೂಟು ಬಿಚ್ಚುತ್ತ: ಹೆಣ್ಣಾದರೆ ಚೆಂದ.

ನನ್ನದು ನೀರು ಪರೀಕ್ಷಿಸುವ ಕೆಲಸ.
ಬಾಟಲಿಗೆ ಊರ ಹೆಸರು ಅಂಟಿಸಿ, ಬಣ್ಣ ನೋಡಿ, ಅಂಕಿ ಬರೆಯುವುದು.
ನಮ್ಮೂರ ಬಾಟಲಿ ಬಂದ ದಿನ
ಬರೆಯುವ ಮುಂಚೆಯೇ ನಾಲಿಗೆ ತಾನಾಗಿ
ಮುಂದಿನೆರಡು ಹಲ್ಲು ತಡವಿತು.
ಕಂದು ಗೆರೆ.
ಶಾಲೆಯ ಫೋಟೋದಲ್ಲಿ ಬಾಯಿ ಬಿಗಿದು ನಿಂತವಳು ನಾನೊಬ್ಬಳೇ ಅಲ್ಲ,
ಇಡೀ ಏಳನೇ ಕ್ಲಾಸು.

ಐದು ರೂಪಾಯಿ ಹಾಕಿದರೆ ಇಪ್ಪತ್ತು ಲೀಟರು,
ಕೂಸಿಗೆ ಕ್ಯಾನಿನ ನೀರೇ ಕುಡಿಸೋಣ ಅನ್ನುತ್ತಾನೆ.
ಸರಿ. ಆದರೆ ಓಣಿಯಲ್ಲಿ ಆಡಿ ಬಾಯಾರಿ
ಯಾರದೋ ನಲ್ಲಿಗೆ ಅದು ಬಾಯಿಡುವ ಮಧ್ಯಾಹ್ನ?
ಹಾಗೆ ಬಾಯಿಡದ ಮಗು
ಬೇಕೇ ನನಗೆ?

"ನಾವೇನು ನೀರು ನೋಡ್ಕಂಡು ಹಡೆದ್ವಾ?" ಅತ್ತೆ.
ನಕ್ಕುಬಿಟ್ಟೆ, ಕೈ ಅಡ್ಡ ಹಿಡಿಯದೆ. ಅವರೂ ನಕ್ಕರು.
ಅದೇ ಕಂದು.

ಕಲ್ಲೆತ್ತಿದರೆ ಚೇಳು ಸಿಗುವ ಊರು ಇದು.
ಅದರ ಬಾಲದಲ್ಲಿರುವುದಕ್ಕೂ
ಕೊಂಡಿ ಅಂತಲೇ ಅನ್ನುತ್ತೇವೆ.

ಹೋದ ಸೋಮವಾರ ಈರುಳ್ಳಿ ಮುಗಿಯಿತು.
ಬುಟ್ಟಿ ಇಳಿಸಿ ಕೊಡವಿ ಮೂಲೆಗಿಟ್ಟೆವು.
ತರಬೇಕು, ತರಬೇಕು ಅಂತ
ದಿನಾ ಒಬ್ಬರಿಗೊಬ್ಬರು ನೆನಪಿಸುತ್ತೇವೆ.
ಇಬ್ಬರೂ ತಂದಿಲ್ಲ.