ದುಭಾಷ್ ಸಾಹೇಬರ ಎರಡು ಫ್ಲಾಪಿ

ಬಲ್ಲಾರ್ಡ್ ಪಿಯರಿನ ಮೂರನೇ ಮಹಡಿಯಲ್ಲಿ
ಮೊದಲು ಇದ್ದದ್ದು ಒಂದು ಮೊಳೆ,
ಮರದ ತುಂಡಿನಿಂದ ಮೇಲೆದ್ದು ನಿಂತದ್ದು.
ಹಡಗಿಗೆ ಬೇಕಾದ ಬಟಾಟೆ, ಹಗ್ಗ, ಗ್ರೀಸು,
ಕ್ಯಾಪ್ಟನ್ನನ ಹಲ್ಲುನೋವು, ಅಡುಗೆಯವನ ತಕರಾರು,
ಎಲ್ಲ ಚೀಟಿಗೂ ಹೊಟ್ಟೆಯಲ್ಲಿ ಒಂದೇ ತೂತು.
ಬೇಕಾದದ್ದು ಯಾವಾಗಲೂ ತಳದಲ್ಲಿ.

ಆಮೇಲೆ ಕಾರ್ಡುಗಳು, ತಗಡಿನ ಡ್ರಾಯರು.
ಎಂಬತ್ತಾರರಲ್ಲಿ ಕಂಪ್ಯೂಟರು.
ಅದಕ್ಕೆ ಏಸಿ, ನಮಗೆ ಫ್ಯಾನು.
ದೇವರ ಕೋಣೆಯಂತೆ ಚಪ್ಪಲಿ ಹೊರಗೆ ಬಿಟ್ಟು
ಒಳಗೆ ಹೋದರೆ, ಅದು ಕೇಳುವುದು ಬರೀ ಖಾನೆ:
ಹೆಸರಿಗೆ ಇಪ್ಪತ್ತು ಅಕ್ಷರ, ಊರಿಗೆ ಹದಿನೈದು,
ಷರಾ ಮೂವತ್ತು. ಅಲ್ಲಿಗೆ ಮನುಷ್ಯ ಮುಗಿದ.
ಗ್ರೀಕ್ ಹಡಗಿನ ಉದ್ದ ಹೆಸರಿನ ಕ್ಯಾಪ್ಟನ್
ಅರ್ಧ ಹೆಸರಲ್ಲೇ ನಮ್ಮಲ್ಲಿ ಮೂರು ವರ್ಷ ಬಾಳಿದ.
ಹಲ್ಲುನೋವಿಗೆ ಖಾನೆ ಇರಲಿಲ್ಲ.

ನನಗದು ಹೊಸತೇನಲ್ಲ.
ರಾತ್ರಿ ಶಾಲೆಯ ಅರ್ಜಿಯಲ್ಲಿ ಇದ್ದದ್ದು ತಂದೆಯ ಖಾನೆ;
ನಮ್ಮ ಬಳಿ ತಾಯಿಯಿಂದ ಬರುತ್ತದೆ ಎಂದಾಗ
ಗುಮಾಸ್ತ ಪೆನ್ನಿನ ಮುಚ್ಚಳ ಹಾಕಿಬಿಟ್ಟಿದ್ದ.

ಎಂಬತ್ತೊಂಬತ್ತರ ಏಪ್ರಿಲ್. ಯಾವುದೋ ಹಡಗಿನ ಸೆಕೆಂಡ್ ಆಫೀಸರ್
ಒಂದು ಡಜನ್ ಹಾಪೂಸ್ ಒಯ್ದು
ಎರಡು ಫ್ಲಾಪಿ ಇಟ್ಟು ಹೋದ.
'ಇದಕ್ಕೆ ಖಾನೆಯೇ ಇಲ್ಲ, ವಾರಿಜಾ ಡೀಕ್ರಿ,
ಜೋಳಿಗೆ ಇದ್ದ ಹಾಗೆ. ಮೊದಲು ಹಾಕು,
ಆಮೇಲೆ ಯೋಚಿಸು' ಎಂದರು ಸಾಹೇಬರು.

ಹಾಕಿದೆವು.
'ಹೆಲೆನಾಗೆ ಮಂಗಳವಾರ ಇನ್ನೂರು ಕೋಳಿ'
ಎಂದು ಕುಟ್ಟಿದರೆ ತಾನೇ ಓದಿಕೊಂಡು
ಹಡಗಿನ ಕೆಳಗೊಮ್ಮೆ, ಕೋಳಿಯ ಕೆಳಗೊಮ್ಮೆ,
ತಾರೀಖು ಲೆಕ್ಕ ಹಾಕಿ ಮಂಗಳವಾರದ ಕೆಳಗೊಮ್ಮೆ.
ಒಂದೇ ಸಾಲು, ಮೂರು ಮನೆಯಲ್ಲಿ ಊಟ.
ಟುಮಾರೋ ಎಂದರೆ ಸಾಕು, ಕ್ಯಾಲೆಂಡರು ತಿರುವುತ್ತಿತ್ತು.
ಸಾಹೇಬರು ತಮಾಷೆಗೆ 'ಕಲ್' ಎಂದು ಹಾಕಿದರು.
ಮಿಷೀನು ಸುಮ್ಮನೆ ಕೂತಿತು.
'ಪಾಪ, ನಿನ್ನೆಯೋ ನಾಳೆಯೋ, ನಮಗೇ ಗೊತ್ತಿಲ್ಲ'
ಎಂದು ಬ್ರುನ್ ಚಹಾದಲ್ಲಿ ಅದ್ದಿದರು.

ಆಮೇಲೆ ಅದರೊಳಗೆ ಏನೆಲ್ಲ ಬಿತ್ತು!
ಸಾಹೇಬರ ಸಕ್ಕರೆ, ತಂಗಿಯ ಜೊತೆ ಬಿಟ್ಟ ಮಾತು,
ಯಾವ ಕಸ್ಟಮ್ಸಿನವನಿಗೆ ಯಾವ ಸಿಗರೇಟು.
ತೊಂಬತ್ಮೂರರ ಜನವರಿಯಲ್ಲಿ
'ಇಸ್ಮಾಯಿಲ್ ಬಂದಿಲ್ಲ', 'ಇಸ್ಮಾಯಿಲ್ ಬಂದಿಲ್ಲ',
ಅವನ ಹೆಸರಡಿ ಆರು ದಿನ, ಆರು ಸಾಲು.
ಏಳನೆಯದನ್ನು ನಾವು ಹಾಕಲಿಲ್ಲ.

ಅದನ್ನು ಮಾಡಿದ ಕಂಪನಿ ಎಂದೋ ಕೈಬಿಟ್ಟಿತಂತೆ.
ವಿಂಡೋಸ್ ಬಂತು, ಕೊಂಬೆ ರೆಂಬೆ ಬಿಡುವ ಬೇರೆಯವು ಬಂದವು,
ಹಳದಿ ಚೀಟಿ ಅಂಟಿಸುವವು ಬಂದವು.
ಎಲ್ಲವೂ ಮೊದಲು ಕೇಳುವುದು: ಇದನ್ನು ಎಲ್ಲಿಡಲಿ?
ಸಾಹೇಬರು ಹಳೆಯ ಡಬ್ಬಕ್ಕೆ ಬಟ್ಟೆ ಹೊದಿಸಿ
ಸಾಯುವತನಕ ಅದನ್ನೇ ನಡೆಸಿದರು.
ಆಫೀಸು ಮಾರಿದವರು ಮೇಜು ಒಯ್ದರು. ಡಬ್ಬ ನನ್ನ ಪಾಲಿಗೆ.

ಮೊನ್ನೆ ಲ್ಯಾಮಿಂಗ್ಟನ್ ರೋಡಿನ ಮೆಹುಲ್
ಹನ್ನೊಂದು ಸಾವಿರ ಸಾಲು ಬಿಡಿಸಿ ಫೋನಿಗೆ ಹಾಕಿದ.
'ಒಂದು ಮಾತ್ರ ಯಾವ ಗುಂಪಿಗೂ ಸೇರಿಲ್ಲ ಆಂಟಿ.
ಇದು ಯಾವ ಭಾಷೆ?'

ನನ್ನದೇ. ಊಟದ ಹೊತ್ತಿಗೆ ಯಾರೂ ಇಲ್ಲದಾಗ
ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ ಕನ್ನಡ:
ನಾಳೆ ಹೇಳಿಬಿಡಬೇಕು.
ಯಾರಿಗೆ, ಏನು, ಬರೆದಿಲ್ಲ.
ಟುಮಾರೋ ಎಂದಿದ್ದರೆ ತಲೆಗೊಂದು ತಾರೀಖು ಬಿದ್ದು
ಅಂದೇ ಸಂಜೆಗೆ ಹಳತಾಗುತ್ತಿತ್ತು.
ನಾಳೆ ಅದಕ್ಕೆ ತಿಳಿಯಲಿಲ್ಲ.
ಬಾಗಿಲಿಗೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರಲ್ಲ
ನಾಳೆ ಬಾ ಎಂದು, ಹಾಗೆ,
ದಿನಾ ಓದಿ, ದಿನಾ ಹಿಂದಕ್ಕೆ ಹೋದದ್ದು ಯಾವುದೋ.

'ಅಳಿಸಲಾ?'
ಇರಲಿ ಎಂದೆ. ಐನೂರು ಕೊಟ್ಟೆ, ಚಿಲ್ಲರೆ ಇರಲಿಲ್ಲ ಅವನಲ್ಲಿ.
ಗ್ರಾಂಟ್ ರೋಡಿನಲ್ಲಿ ಬೊರಿವಲಿ ಸ್ಲೋ
ಆಗಲೇ ಹೊರಟಿತ್ತು.