ಒಂದು ಗೂಡು, ಎಷ್ಟುದ್ದ

ಪಾಠದಲ್ಲಿ ಒಂದೇ ಸಾಲು: ರೇಷ್ಮೆಗೂಡಿನ ಎಳೆ
ಸುಮಾರು ಒಂದು ಕಿಲೋಮೀಟರು.
ಓದಿಸಿ ಮುಂದೆ ಹೋಗುವವನಿದ್ದೆ.
ನಾಲ್ಕನೇ ಕ್ಲಾಸಿನ ರುಹೀನಾ ಕೈ ಎತ್ತದೆ ಕೇಳಿದಳು:
‘ಯಾರ ಮನೆ ಗೂಡು ಸಾರ್?’

ಶಿಡ್ಲಘಟ್ಟದ ಮಕ್ಕಳು.
ಹಳದಿ ಗೂಡು, ಬಿಳಿ ಗೂಡು, ಜೋಡಿಹುಳದ ಗೂಡು
ಬೆರಳಲ್ಲೇ ಓದುತ್ತವೆ. ಮಾರ್ಕೆಟ್ಟಿನ ರೇಟು
ಮಗ್ಗಿಗಿಂತ ಮೊದಲು ಬಾಯಿಗೆ ಬಂದಿರುತ್ತದೆ.
ನಾನೋ, ಹುಳು ಕಂಡರೆ ಒಂದು ಹೆಜ್ಜೆ ಹಿಂದೆ ಸರಿಯುವ ಮೇಷ್ಟ್ರು.

‘ಅಳೆಯೋಣ’ ಅಂದುಬಿಟ್ಟೆ.

ನನ್ನ ಸೈಕಲ್ಲೇ ಬಲಿ.
ಹಿಂದಿನ ಚಕ್ರ ಬಿಚ್ಚಿ, ನೆಲದ ಮೇಲೆ ಒಂದು ಸುತ್ತು ಉರುಳಿಸಿ,
ಗೆರೆಯಿಂದ ಗೆರೆಗೆ ಟೇಪು ಹಿಡಿದು
ಇನ್ನೂರ ಹದಿಮೂರು ಸೆಂಟಿಮೀಟರು ಎಂದು
ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ,
ಕೆಳಗೆ ಎರಡು ಗೆರೆ ಎಳೆದೆ.
ಆಮೇಲೆ ಟೈರು ಕಳಚಿದೆವು.
ಬಿಸಿಯೂಟದ ಗಂಗರತ್ನಮ್ಮ ಗೂಡು ಬೇಯಿಸಿಕೊಟ್ಟು
ಮೂಗಿಗೆ ಸೆರಗು ಹಿಡಿದಳು.
ಅಬ್ಬಾ ಇಪ್ಪತ್ತು ವರ್ಷ ಬಿಸಿನೀರಲ್ಲಿ ತಡಕಿದ ತುದಿ
ರುಹೀನಾಳ ಬೆರಳಿಗೆ ಒಂದೇ ಸಲಕ್ಕೆ ಸಿಕ್ಕಿತು.

ಹತ್ತು ಸುತ್ತಿಗೊಂದು ಹುಣಸೆಬೀಜ, ಡಬ್ಬಿಗೆ: ಪಿಳ್ಳಾಂಜಿ.
ಹತ್ತು ಸುತ್ತಿಗೊಂದು ಗೆರೆ, ಗೋಡೆಗೆ: ಲಾವಣ್ಯ.
ಎಳೆ ಕಾಣುವುದೇ ಇಲ್ಲ.
ಬಿಸಿಲು ಓರೆಯಾದಾಗ ಒಂದು ಮಿನುಗು, ಅಷ್ಟೇ.

ಬೀಜ ಮೂವತ್ತೆಂಟು. ಗೆರೆ ನಲವತ್ತೊಂದು.
ಜಗಳ.
ಪಿಳ್ಳಾಂಜಿ ಮೂರು ಬೀಜ ತಿಂದ ಅಂತ ಒಂದು ಗುಂಪು,
ಲಾವಣ್ಯ ಹಾಲು ಕುಡಿದು ಬಂದು ಅಂದಾಜಲ್ಲಿ ಗೀಚಿದಳು ಅಂತ ಇನ್ನೊಂದು.
‘ನಡುವಿನದು ಬರ್ಕೊಳ್ಳಿ’ ಅನ್ನಲು ಬಾಯಿ ತೆರೆದವನು
ಮುಚ್ಚಿಕೊಂಡೆ. ಹದಿನೇಳು ವರ್ಷದ ನೌಕರಿಯಲ್ಲಿ
ಅಷ್ಟು ಕಷ್ಟದ ಕೆಲಸ ಮಾಡಿರಲಿಲ್ಲ.

‘ಗಾಲೀನ ಹಿಂದಕ್ಕೆ ತಿರುಗಿಸಿ ಎಣಿಸಿದ್ರೆ?’
ಎಣಿಸಿದೆವು. ಹನ್ನೆರಡನೇ ಸುತ್ತಿಗೆ ಎಳೆ ತುಂಡು.
ಮರುದಿನ ಹೊಸ ಗೂಡು. ಅದರ ಮರುದಿನ ಇನ್ನೊಂದು.

ನಾಲ್ಕನೇ ದಿನ, ಎಲ್ಲದಕ್ಕೂ ‘ಎಂದುಕು’ ಎಂದು
ಮನೆಯ ತೆಲುಗಲ್ಲೇ ಗೊಣಗುವ ಮುನಿತೇಜ
ಚಕ್ರ ನೋಡುತ್ತ ಕೂತಿದ್ದವನು ಎದ್ದ:
‘ಸಾರ್, ನೀವು ಅಳ್ದಿದ್ದು ಟೈರಿನ ಮೇಲೆ.
ಎಳೆ ಓಡ್ತಿರೋದು ರಿಮ್ಮಿನ ಒಳಗೆ.’

ಗಂಗರತ್ನಮ್ಮನ ಸೌಟು ಕೂಡ ನಿಂತಿತು.
ಡಸ್ಟರು ಅವನ ಕೈಗೇ ಕೊಟ್ಟೆ.
ಒರೆಸಲಿಲ್ಲ. ರಿಮ್ಮಿಗೆ ದಾರ ಸುತ್ತಿ ಅಳೆದು,
ಪಕ್ಕದಲ್ಲಿ ನೂರ ತೊಂಬತ್ತಾರು ಎಂದು ಬರೆದ.
‘ಹಳೇದೂ ಇರ್ಲಿ. ಎಲ್ಲಿ ತಪ್ಪಿದ್ವಿ ಅಂತ ಗೊತ್ತಾಗ್ಬೇಕಲ್ಲ.’

ಪಟ್ಟಿ ಈಗ ಗೋಡೆಯ ಮೇಲಿದೆ. ಏಳು ಗೂಡು, ಏಳು ಉದ್ದ,
ಕಿಲೋಮೀಟರು ಮುಟ್ಟಿದ್ದು ಒಂದೂ ಇಲ್ಲ.
ಕೊನೆಯ ಕಾಲಮ್ಮಿನ ಹೆಸರು ‘ಗೊತ್ತಿಲ್ಲ’.
ಅದೇ ಎಲ್ಲಕ್ಕಿಂತ ಉದ್ದ.
ಹುಳುವಿಗಂಟಿದ ಈರುಳ್ಳಿ ಸಿಪ್ಪೆಯಂಥ ಒಳಪದರ
ಬಿಚ್ಚಲು ಬರುವುದಿಲ್ಲ. ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ?
ರುಹೀನಾ ಕೇಳಿಕೊಂಡು ಬಂದಳು:
‘ಅದಕ್ಕೆ ಬೆಲೆ ಇಲ್ಲ ಅಂದ್ರು ಅಬ್ಬಾ.’
ಸ್ವಲ್ಪ ತಡೆದು,
‘ಬೆಲೆ ಇಲ್ದಿದ್ರೆ ಉದ್ದಾನೂ ಇರಲ್ವಾ ಸಾರ್?’

ಸಂಜೆ ಟೈರು ಏರಿಸುವಾಗ
ರಿಮ್ಮಿನಲ್ಲಿ ಒಂದೆಳೆ ಉಳಿದಿತ್ತು.
ತೆಗೆಯಲಿಲ್ಲ.
ಅದರ ಮೇಲೆಯೇ ಗಾಳಿ ತುಂಬಿಸಿ
ಬಸ್‌ಸ್ಟ್ಯಾಂಡಿನ ಏರು ತುಳಿದೆ.